ಒಂದು ಕಣ್ಣು, ಎರಡು ಕಿಟಕಿ

"ಮಾವ, ಸೇತುವೆ ಮತ್ತೆ ಮುರೀತು."

ಅಕ್ಕನ ಮಗ ಒಳಗಿನ ಕೋಣೆಯಿಂದ ಕೂಗಿದಾಗ ನಾನು ಚಹಾ ಸೋಸುತ್ತಿದ್ದೆ. ಕಾರವಾರದ ಕೋಡಿಬಾಗದಲ್ಲಿ ಇರುವವರಿಗೆ ಇದು ತಮಾಷೆಯ ಮಾತಲ್ಲ. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ರಾತ್ರೋರಾತ್ರಿ ನೀರಿಗೆ ಕುಸಿದದ್ದನ್ನು ಊರು ಇನ್ನೂ ಮರೆತಿಲ್ಲ. ಅವನು ಹೇಳಿದ್ದು ಕಂಪ್ಯೂಟರಿನ ಸೇತುವೆ. ಶಿರಸಿಯಿಂದ ರಜೆಗೆ ಬಂದಿದ್ದ ಹುಡುಗ ಹಳೆ ಫೋಟೋ ನೋಡಿಕೊಂಡು ಅದರ ತ್ರೀಡಿ ಮಾದರಿ ಮಾಡಿದ್ದ. ಕಾಲೇಜಿನ ಪ್ರದರ್ಶನದಲ್ಲಿ ಇಡಬೇಕಂತೆ.

ದೃಶ್ಯ ಹೀಗಿದೆ. ನೀವು ಕಾಳಿ ನದಿಯಲ್ಲಿ ದೋಣಿಯ ಮೇಲೆ ಕೂತು ಸಮುದ್ರದ ಕಡೆ ಹೋಗುತ್ತಿದ್ದೀರಿ. ಎದುರಿಗೆ ಅಡ್ಡಲಾಗಿ ಸೇತುವೆ. ಬಲಕ್ಕೆ ಸದಾಶಿವಗಡದ ಗುಡ್ಡ, ಎಡಕ್ಕೆ ನಮ್ಮ ಕೋಡಿಬಾಗ. ಕಂಬಗಳ ನಡುವಿನಿಂದ ದೂರದ ಕಡಲು. ಒಂದೇ ಮಾನಿಟರಿನಲ್ಲಿ ಚೆನ್ನಾಗಿಯೇ ಇತ್ತು. ನದಿಯ ಅಗಲ ಅದರಲ್ಲಿ ಹಿಡಿಸಲಿಲ್ಲ ಅಂತ ಪಕ್ಕಕ್ಕೆ ಇನ್ನೊಂದನ್ನು ಇಟ್ಟ. ತೊಂದರೆ ಶುರುವಾದದ್ದೇ ಅಲ್ಲಿಂದ.

ಹೋಗಿ ನೋಡಿದೆ. ಎರಡು ಪರದೆ ಸೇರುವ ಕಡೆ ಸೇತುವೆ ಹಂಚಿನ ಮಾಡಿನ ಹಾಗೆ ಮೇಲೆದ್ದಿತ್ತು. ಎಡಗಡೆ ಏರು, ಬಲಗಡೆ ಇಳಿಜಾರು. ವಿಚಿತ್ರ ಅಂದರೆ ಅದರ ಹಿಂದಿನ ಸಮುದ್ರದ ಗೆರೆ ಮಾತ್ರ ಹಗ್ಗ ಎಳೆದು ಕಟ್ಟಿದಷ್ಟು ನೆಟ್ಟಗಿತ್ತು. ಒಂದು ಗೆರೆ ಮುರಿಯುತ್ತದೆ, ಇನ್ನೊಂದು ಮುರಿಯುವುದಿಲ್ಲ. ಯಾಕೆ?

ಇದಕ್ಕೆ ಉತ್ತರ ಕಂಪ್ಯೂಟರಿಗಿಂತ ಕಿಟಕಿಯಲ್ಲಿ ಬೇಗ ಸಿಗುತ್ತದೆ. ನಮ್ಮ ಹೊರಕೋಣೆಯ ಒಂದೇ ಗೋಡೆಯಲ್ಲಿ ಎರಡು ಕಿಟಕಿ ಇವೆ, ನಡುವೆ ಒಂದು ಗೇಣಿನಷ್ಟು ಗೋಡೆ. ಹುಡುಗನನ್ನು ಅಲ್ಲಿ ಕುರ್ಚಿಯಲ್ಲಿ ಕೂರಿಸಿದೆ. ಒಂದು ಕಣ್ಣು ಮುಚ್ಚು, ತಲೆ ಅಲ್ಲಾಡಿಸಬೇಡ, ಹೊರಗೆ ಏನು ಕಾಣುತ್ತದೋ ಅದನ್ನು ಗಾಜಿನ ಮೇಲೆಯೇ ಸ್ಕೆಚ್ ಪೆನ್ನಿನಲ್ಲಿ ಗೀರು ಅಂದೆ. ಕೈಗೆ ಎಟಕುವಷ್ಟು ಗೀರಿದ. ಪಕ್ಕದ ಮನೆಯ ಕಾಂಪೌಂಡು, ವಿದ್ಯುತ್ ತಂತಿ, ತೆಂಗಿನ ಮರ. ತಂತಿ ಎಡ ಕಿಟಕಿಯಲ್ಲಿ ಹೊರಟು, ಗೋಡೆಯ ಹಿಂದೆ ಹೋಗಿ, ಬಲ ಕಿಟಕಿಯಲ್ಲಿ ಅದೇ ಓಟದಲ್ಲಿ ಮುಂದುವರಿಯಿತು. ಒಂದೆಳೆಯೂ ತಪ್ಪಲಿಲ್ಲ. ಜರ್ಮನಿಯ ಕಲಾವಿದ ಆಲ್‌ಬ್ರೆಕ್ಟ್ ಡ್ಯೂರರ್ 1525ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಇಂಥದ್ದೇ ಉಪಾಯದ ಚಿತ್ರವಿದೆ. ಕಣ್ಣನ್ನು ಒಂದು ಕಡೆ ಕಟ್ಟಿಹಾಕಿ, ಎದುರಿನ ಗಾಜಿನ ಮೇಲೆ ಬರೆಯುವುದು. ತ್ರೀಡಿ ಗ್ರಾಫಿಕ್ಸ್ ಇವತ್ತಿಗೂ ಮಾಡುವ ಕೆಲಸ ಇಷ್ಟೇ. ಕಣ್ಣಿನಿಂದ ವಸ್ತುವಿಗೆ ಒಂದು ದಾರ ಎಳೆ. ದಾರ ಗಾಜನ್ನು ಎಲ್ಲಿ ತೂರುತ್ತದೋ ಅಲ್ಲಿ ಚುಕ್ಕಿ ಇಡು.

ಕಿಟಕಿ ಎರಡಾದರೂ ನೋಡುವ ಕಣ್ಣು ಒಂದೇ ಅಲ್ವಾ? ಹುಡುಗನ ಮೊದಲ ತಪ್ಪು ಇಲ್ಲೇ ಆಗಿತ್ತು. ಮಾನಿಟರುಗಳು ಅಕ್ಕಪಕ್ಕ ಇವೆ, ಹಾಗಾಗಿ ದೃಶ್ಯದೊಳಗಿನ ಕ್ಯಾಮೆರಾಗಳೂ (ಕಂಪ್ಯೂಟರ್ ಚಿತ್ರ ಬರೆಯಲು ಕಣ್ಣಿಡುವ ಜಾಗಗಳು) ಅಕ್ಕಪಕ್ಕ ಇರಬೇಕು ಅಂತ ಅರ್ಧ ಮೀಟರ್ ದೂರಕ್ಕೆ ಎರಡು ಕ್ಯಾಮೆರಾ ಇಟ್ಟು, ಎರಡನ್ನೂ ನೇರ ಮುಂದಕ್ಕೆ ತಿರುಗಿಸಿದ್ದ. ಆಗ ಏನಾಗುತ್ತದೆ ಅಂದರೆ, ನೂರು ಮೀಟರ್ ದೂರದ ಸೇತುವೆಗೆ ಈ ಅರ್ಧ ಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ಎರಡೂ ಪರದೆಯಲ್ಲಿ ಹೆಚ್ಚುಕಡಿಮೆ ಅದೇ ಚಿತ್ರ. ಒಂದೇ ಕಂಬ ಎರಡು ಸಲ, ಒಂದೇ ಗುಡ್ಡ ಎರಡು ಸಲ. ಇದನ್ನು ಅವನೇ ಹಿಡಿದು ಸರಿಮಾಡಿಕೊಂಡಿದ್ದ. ಎರಡೂ ಕ್ಯಾಮೆರಾಗಳನ್ನು ಒಂದೇ ಬಿಂದುವಿಗೆ ತಂದು, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ತಿರುಗಿಸಿದ್ದ. ಅಲ್ಲಿಗೆ ಜೋಡಣೆ ಕೂಡಿತು, ಸೇತುವೆ ಬಾಗಿತು.

ಈಗ ಆ ಬಾಗಿದ ಸೇತುವೆಗೆ ಬರೋಣ. ಕ್ಯಾಮೆರಾ ತಿರುಗಿಸುವುದು ಅಂದರೆ ಅದರ ಎದುರಿನ ಗಾಜನ್ನೂ ತಿರುಗಿಸಿದ ಹಾಗೆ. ಅವನ ಎರಡು ಗಾಜು ಅರ್ಧ ತೆರೆದ ಪುಸ್ತಕದ ಹಾಗೆ ಕೋನದಲ್ಲಿ ನಿಂತಿದ್ದವು. ಮೇಜಿನ ಮೇಲಿನ ಮಾನಿಟರುಗಳು ಮಾತ್ರ ಒಂದೇ ಗೋಡೆಯ ಕಿಟಕಿಗಳಂತೆ ಸಪಾಟಾಗಿ ನಿಂತಿದ್ದವು. ಅಂದರೆ ಮಡಚಿದ ಪುಸ್ತಕದಲ್ಲಿ ಬರೆದ ಚಿತ್ರವನ್ನು ಬಿಚ್ಚಿ ಹರಡಿದಂತಾಯಿತು.

ನಂಬಿಕೆ ಬರದಿದ್ದರೆ ಒಂದು ಕಾಗದ ತಗೊಳ್ಳಿ. ನಡುವೆ ಮಡಚಿ, ಅರ್ಧ ತೆರೆದು ಹಿಡಿಯಿರಿ. ಮಡಿಕೆ ನೆಟ್ಟಗೆ ನಿಲ್ಲುವಂತೆ ಬಕೆಟ್ಟಿನ ನೀರಿಗೆ ಅದ್ದಿ ತೆಗೆದು ಬಿಚ್ಚಿದರೆ ಒದ್ದೆಯ ಗೆರೆ ನೇರವಾಗಿಯೇ ಇರುತ್ತದೆ. ಈಗ ಇನ್ನೊಂದು ಕಾಗದ. ಈ ಸಲ ಮಡಿಕೆಯನ್ನು ಮುಂದಕ್ಕೆ ಓರೆ ಮಾಡಿ ಅದ್ದಿ. ಬಿಚ್ಚಿ ನೋಡಿದರೆ ಗೆರೆ ಮಡಿಕೆಯಲ್ಲಿ ಸರಿಯಾಗಿ ಮುರಿದಿರುತ್ತದೆ. ಕಣ್ಣನ್ನೂ ದೂರದ ಒಂದು ನೇರ ಗೆರೆಯನ್ನೂ ಸೇರಿಸಿ ಒಂದು ದೊಡ್ಡ ಹಾಳೆ ಇದೆ ಅಂದುಕೊಳ್ಳಿ. ಬಕೆಟ್ಟಿನ ನೀರಿನ ಮೇಲ್ಮೈ ಅಂದರೆ ಆ ಹಾಳೆ. ಸಮುದ್ರದ ಗೆರೆ ಯಾವಾಗಲೂ ನಮ್ಮ ಕಣ್ಣಿನ ಎತ್ತರಕ್ಕೇ ಕಾಣುತ್ತದೆ, ಅದರ ಹಾಳೆ ಗಾಜನ್ನು ಓರೆಯಿಲ್ಲದೆ ಕತ್ತರಿಸುತ್ತದೆ. ಆದ್ದರಿಂದ ಅದು ಬಚಾವು. ದೋಣಿಯಲ್ಲಿ ಕೂತವನಿಗೆ ಸೇತುವೆ ಕಣ್ಣಿಗಿಂತ ಮೇಲಿದೆ. ಅದರ ಹಾಳೆ ಓರೆ. ಆದ್ದರಿಂದ ಅದು ಮಾಡಿನ ಹಾಗೆ ಮುರಿಯಿತು.

ಸಮುದ್ರದ ಗೆರೆ ಸರಿಯಿದೆ ಅಂತ ಎಲ್ಲವೂ ಸರಿಯಿದೆ ಅಂದುಕೊಳ್ಳಬಾರದು ಅನ್ನುವುದು ಇದಕ್ಕೇ. ಹುಡುಗ ಇಡೀ ಕ್ಯಾಮೆರಾ ಜೋಡಿಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದ ಕೂಡಲೇ ಆ ಗೆರೆಯೂ ಮಾಡಿನ ಹಾಗೆ ಮುರಿಯಿತು. ಪರೀಕ್ಷೆ ಮಾಡುವುದಾದರೆ ಕಣ್ಣಿನ ಎತ್ತರದಲ್ಲಿಲ್ಲದ ಉದ್ದನೆಯ ನೇರ ವಸ್ತುವಿನಲ್ಲೇ ಮಾಡಬೇಕು. ಸೇತುವೆ, ತಂತಿ, ಕಾಂಪೌಂಡು, ಯಾವುದಾದರೂ ಸರಿ.

ಪರಿಹಾರ ಎರಡಿವೆ. ಒಂದು, ಮಾನಿಟರುಗಳನ್ನೇ ತಿರುಗಿಸಿ ಕ್ಯಾಮೆರಾದ ಕೋನಕ್ಕೆ ತರುವುದು. ಇನ್ನೊಂದು, ಮಾನಿಟರ್ ಹಾಗೇ ಬಿಟ್ಟು ಕ್ಯಾಮೆರಾದ ಲೆಕ್ಕ ಬದಲಿಸುವುದು. ನಮ್ಮ ಮೇಜು ಚಿಕ್ಕದು, ಎರಡನೆಯದನ್ನೇ ಹಿಡಿದೆವು.

ಸಾಮಾನ್ಯ ಕ್ಯಾಮೆರಾ ತನ್ನ ನೋಟದ ನಟ್ಟನಡುವನ್ನು ಪರದೆಯ ನಟ್ಟನಡುವೆ ಇಡುತ್ತದೆ. ಅದು ನೋಡುವ ಜಾಗ ತುದಿ ಕತ್ತರಿಸಿದ ಗೋಪುರದ ಆಕಾರದಲ್ಲಿ ಇರುತ್ತದೆ. ಈ ಆಕಾರಕ್ಕೆ ಫ್ರಸ್ಟಮ್ ಅನ್ನುತ್ತಾರೆ. ನಮಗೆ ಬೇಕಾದದ್ದು ಒಂದು ಬದಿಗೆ ವಾಲಿದ ಗೋಪುರ. ಎರಡೂ ಕ್ಯಾಮೆರಾ ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ ನೇರ ನೋಡುತ್ತವೆ. ಎಡದ್ದು ಎಡಗಿಟಕಿಯ ತುಂಡನ್ನು ಮಾತ್ರ ಬರೆಯುತ್ತದೆ, ಬಲದ್ದು ಬಲಗಿಟಕಿಯದನ್ನು. ಹುಡುಗ ಕಿಟಕಿ ಎದುರು ಕೂತಾಗ ಅವನ ಮೂಗಿನ ನೇರಕ್ಕೆ ಗೋಡೆ ಇತ್ತು, ಕಿಟಕಿಗಳು ಆಚೀಚೆ ಇದ್ದವು. ಹಾಗೇ.

ಲೆಕ್ಕ ಹಾಕಲು ಟೈಲರ್ ಟೇಪು ಸಾಕು. 24 ಇಂಚಿನ ಸಾಮಾನ್ಯ ಮಾನಿಟರಿನ ಪರದೆ ಸುಮಾರು 53.1 ಸೆಂಟಿಮೀಟರ್ ಅಗಲ, 29.9 ಎತ್ತರ. ಅಂಥ ಎರಡು ಅಕ್ಕಪಕ್ಕ ಇವೆ, ನಡುವೆ ಎರಡೂ ಫ್ರೇಮು ಸೇರಿ 2 ಸೆಂಟಿಮೀಟರ್, ಕಣ್ಣು ಪರದೆಯಿಂದ 60 ಸೆಂಟಿಮೀಟರ್ ದೂರದಲ್ಲಿ, ಸರಿಯಾಗಿ ಜೋಡಣೆಯ ಎದುರಿಗೆ ಅಂದುಕೊಳ್ಳೋಣ. ಕಣ್ಣಿನ ನೇರವನ್ನು ಸೊನ್ನೆ ಎಂದಿಟ್ಟರೆ, ಎಡ ಪರದೆ ಮೈನಸ್ 54.1ರಿಂದ ಮೈನಸ್ 1ರವರೆಗೆ. ಬಲ ಪರದೆ 1ರಿಂದ 54.1ರವರೆಗೆ. ತ್ರೀಡಿ ಚಿತ್ರ ಬರೆಸುವ ಓಪನ್‌ಜಿಎಲ್‌ನ ಫ್ರಸ್ಟಮ್ ಆದೇಶಕ್ಕೆ ಎಡ, ಬಲ, ಕೆಳ, ಮೇಲೆ ಅಂತ ಈ ಅಂಚುಗಳನ್ನೇ ಕೊಡಬೇಕು. ಆದರೆ ಅದು ಕೇಳುವುದು 60 ಸೆಂಟಿಮೀಟರ್ ದೂರದ ಅಳತೆಯನ್ನಲ್ಲ, ಹತ್ತಿರದ ಕತ್ತರಿಕೆ (ಇದಕ್ಕಿಂತ ಹತ್ತಿರದ್ದನ್ನು ಬರೆಯಬೇಡ ಅನ್ನುವ ಗಡಿ) ಎಲ್ಲಿದೆಯೋ ಅಲ್ಲಿನದನ್ನು. ಅದು 10 ಸೆಂಟಿಮೀಟರಿನಲ್ಲಿದ್ದರೆ ಎಲ್ಲವನ್ನೂ 6ರಿಂದ ಭಾಗಿಸಿ. ಎಡ ಪರದೆಗೆ ಮೈನಸ್ 9.02ರಿಂದ ಮೈನಸ್ 0.17. ಎತ್ತರಕ್ಕೆ ಮೇಲೂ ಕೆಳಗೂ 2.49. ಅಷ್ಟೇ ಗಣಿತ. ದೃಶ್ಯವನ್ನು ಮೀಟರಿನಲ್ಲಿ ಕಟ್ಟಿದ್ದರೆ ಇವನ್ನೂ ಮೀಟರಿಗೆ ಇಳಿಸಿಕೊಳ್ಳಿ. ನಾವು ಮರೆತು ಅರ್ಧ ಗಂಟೆ ಕಳೆದೆವು.

ಆಟ ಕಟ್ಟುವ ಯೂನಿಟಿ ಎಂಬ ತಂತ್ರಾಂಶದಲ್ಲಿ ಕೆಲಸ ಮಾಡುವವರು ಕ್ಯಾಮೆರಾದ ಪ್ರೊಜೆಕ್ಷನ್ ಮ್ಯಾಟ್ರಿಕ್ಸನ್ನು (ಈ ಲೆಕ್ಕವನ್ನೆಲ್ಲ ಹಿಡಿದಿಡುವ ಸಂಖ್ಯೆಗಳ ಕೋಷ್ಟಕ) ಕೈಯಾರೆ ಬರೆದು ಹಾಕಬಹುದು. ಅಲ್ಲಿ ಇನ್ನೊಂದು ಚಿಕ್ಕ ಮುಳ್ಳಿದೆ. ಎರಡನೇ ಡಿಸ್‌ಪ್ಲೇಯನ್ನು ಕೋಡಿನಲ್ಲಿ ಒಂದು ಸಾಲು ಬರೆದು ಎಬ್ಬಿಸದಿದ್ದರೆ ಅದು ಎಚ್ಚರವಾಗುವುದೇ ಇಲ್ಲ. ಫ್ಲೈಟ್‌ಗಿಯರ್ ಎಂಬ ಉಚಿತ ವಿಮಾನ ಸಿಮ್ಯುಲೇಟರಿನಲ್ಲಿ ಪರದೆಯ ಅಗಲ, ಫ್ರೇಮಿನ ದಪ್ಪ, ಕಣ್ಣಿನ ದೂರ ಇವನ್ನು ಒಂದು ಫೈಲಿನಲ್ಲಿ ಕೊಟ್ಟರೆ ಉಳಿದ ಲೆಕ್ಕ ಅದೇ ಹಾಕಿಕೊಳ್ಳುತ್ತದೆ.

ಇಷ್ಟೆಲ್ಲ ಯಾಕೆ, ಒಂದೇ ಕ್ಯಾಮೆರಾ ಇಟ್ಟು ಪ್ರೋಗ್ರಾಮಿನ ಕಿಟಕಿಯನ್ನು ಎರಡೂ ಪರದೆಗೆ ಎಳೆದು ಹರಡಬಾರದಾ ಅಂತ ನೀವು ಕೇಳಬಹುದು. ಧಾರಾಳವಾಗಿ. ಮಾನಿಟರುಗಳು ಒಂದೇ ಅಳತೆಯವು, ಒಂದೇ ಸಾಲಿನಲ್ಲಿ ಇವೆ ಅಂದರೆ ಅದೇ ಸುಲಭದ ದಾರಿ. 3840 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರದ ಒಂದು ಕಿಟಕಿ, ಮುಗೀತು. ಗ್ರಾಫಿಕ್ಸ್ ಕಾರ್ಡುಗಳ ಸೌಲಭ್ಯಗಳಾದ ಎನ್‌ವಿಡಿಯಾ ಸರೌಂಡ್, ಎಎಮ್‌ಡಿ ಐಫಿನಿಟಿ ಮಾಡುವುದೂ ಇದನ್ನೇ. ಹಲವು ಪರದೆಗಳನ್ನು ಒಂದು ದೊಡ್ಡ ಪರದೆ ಅಂತ ಆಟಕ್ಕೆ ಸುಳ್ಳು ಹೇಳುತ್ತವೆ.

ಈ ದಾರಿಯಲ್ಲಿ ಕಾದಿರುವ ಹೊಂಡ ನೋಟದ ಕೋನದ್ದು. ಯೂನಿಟಿಯಲ್ಲಿ ಕೋನವನ್ನು ಅಡ್ಡಕ್ಕಲ್ಲ, ಮೇಲಿಂದ ಕೆಳಕ್ಕೆ ಅಳೆಯುತ್ತಾರೆ. ಹೊಸ ಕ್ಯಾಮೆರಾಕ್ಕೆ ಅದು 60 ಡಿಗ್ರಿ ಇರುತ್ತದೆ. ಪರದೆಯ ಅಗಲ ಎರಡು ಪಟ್ಟಾದಾಗ ಅಡ್ಡ ಕೋನ ತಾನಾಗಿ 128 ಡಿಗ್ರಿಗೆ ಹಿಗ್ಗುತ್ತದೆ. ನಿಜಕ್ಕೂ 60 ಸೆಂಟಿಮೀಟರ್ ದೂರದಲ್ಲಿ ಕೂತವನ ಕಣ್ಣಿಗೆ ಆ ಎರಡು ಪರದೆ ಸೇರಿ ತುಂಬುವುದು ಸುಮಾರು 84 ಡಿಗ್ರಿ ಮಾತ್ರ. ಉಳಿದದ್ದನ್ನು ತುರುಕಲು ಅಂಚು ಹಿಗ್ಗಬೇಕು. ನಮ್ಮ ದೃಶ್ಯದ ಬದಿಯಲ್ಲಿ ತೇಲುತ್ತಿದ್ದ ದುಂಡನೆಯ ಬೋಯಿ (ದೋಣಿಗಳಿಗೆ ಗುರುತಾಗಿ ನೀರಲ್ಲಿ ಬಿಡುವ ತೇಲುಗುಂಡು) ಎತ್ತರಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಅಗಲವಾಗಿ, ಯಾರೋ ಮೇಲೆ ಕೂತ ಹಾಗೆ ಕಾಣುತ್ತಿತ್ತು. ನಿಜವಾದ ಅಳತೆ ಹಾಕಿದರೆ ಮೇಲಿಂದ ಕೆಳಕ್ಕೆ ಬರುವ ಕೋನ ಬರೀ 28 ಡಿಗ್ರಿ. ಕೇಳಲು ತೀರ ಸಣ್ಣದು. ಹುಡುಗ ಒಪ್ಪಲೇ ಇಲ್ಲ. "ಮಾವ, ಇದು ದುರ್ಬೀನಿನಲ್ಲಿ ನೋಡಿದ ಹಾಗಿದೆ" ಅಂದ. ಕೊನೆಗೆ 40ಕ್ಕೆ ರಾಜಿಯಾದೆವು. ಕಣ್ಣಿಗೆ ಸ್ವಲ್ಪ ಸುಳ್ಳು, ಮನಸ್ಸಿಗೆ ಹಿತ. ಆಟ ಮಾಡುವವರೆಲ್ಲ ಈ ರಾಜಿ ಮಾಡಿಕೊಳ್ಳುತ್ತಾರೆ, ತಪ್ಪೇನಿಲ್ಲ. ಎರಡು ಕ್ಯಾಮೆರಾದ ಲೆಕ್ಕದಲ್ಲೂ ಈ ರಾಜಿ ಸಾಧ್ಯ, ಕಣ್ಣಿನ ದೂರ 60ರ ಬದಲು 41 ಅಂತ ಬರೆದರಾಯಿತು.

ನಮಗೆ ಒಂದೇ ಕ್ಯಾಮೆರಾ ಆಗದೆ ಇದ್ದದ್ದು ಬೇರೆ ಕಾರಣಕ್ಕೆ. ಅವನ ಮಾನಿಟರ್ 24 ಇಂಚು, ನನ್ನ ಹಳೆಯದು 22. ಎರಡರಲ್ಲೂ ಪಿಕ್ಸೆಲ್ ಅಷ್ಟೇ, 1920ಕ್ಕೆ 1080. ದೊಡ್ಡದರಲ್ಲಿ ಒಂದು ಸೆಂಟಿಮೀಟರಿಗೆ 36 ಪಿಕ್ಸೆಲ್, ಚಿಕ್ಕದರಲ್ಲಿ 39ಕ್ಕೂ ಜಾಸ್ತಿ. ಪಿಕ್ಸೆಲ್ ಲೆಕ್ಕದಲ್ಲಿ ಜೋಡಿಸಿದರೆ ದೊಡ್ಡದರಲ್ಲಿ 10 ಸೆಂಟಿಮೀಟರ್ ಕಾಣುವ ಕಂಬ ಚಿಕ್ಕದಕ್ಕೆ ದಾಟುವಾಗ 9.2ಕ್ಕೆ ಕುಗ್ಗುತ್ತದೆ. ಎರಡರಲ್ಲೂ ಸಮುದ್ರದ ಗೆರೆ ಪರದೆಯ ನಡುಮಧ್ಯಕ್ಕೆ ಬರುತ್ತದೆ ಅಂತಿಟ್ಟುಕೊಳ್ಳಿ. ಕೆಳಗಿನ ಅಂಚು ಸಮ ಇದ್ದರೆ ಗೆರೆ ಒಂದೂಕಾಲು ಸೆಂಟಿಮೀಟರ್ ಮೆಟ್ಟಿಲಾಗುತ್ತದೆ. ಸೆಂಟಿಮೀಟರಿನಲ್ಲಿ ಅಳೆದು ಪ್ರತಿ ಪರದೆಗೂ ಅದರದರ ಅಂಚುಗಳನ್ನು ಕೊಟ್ಟರೆ ಈ ತಕರಾರೇ ಇಲ್ಲ. ಪಿಕ್ಸೆಲ್ಲನ್ನು ಮರೆತುಬಿಡಿ, ಟೇಪು ಹಿಡಿಯಿರಿ. ಕೋನದಲ್ಲಿಟ್ಟ ಮಾನಿಟರುಗಳಿಗೂ ಇದೇ ಉಪಾಯ ನಡೆಯುತ್ತದೆ. ಪ್ರತಿ ಪರದೆಯ ಮೂರು ಮೂಲೆಗಳು ಕೋಣೆಯಲ್ಲಿ ಎಲ್ಲಿವೆ, ಕಣ್ಣು ಎಲ್ಲಿದೆ ಅಂತ ಹೇಳಿದರೆ ಮ್ಯಾಟ್ರಿಕ್ಸ್ ಅಲ್ಲಿಂದಲೇ ಹುಟ್ಟುತ್ತದೆ.

ನಡುವಿನ ಆ 2 ಸೆಂಟಿಮೀಟರ್ ಫ್ರೇಮಿನ ಬಗ್ಗೆ ಜನ ಬೇರೆ ಬೇರೆ ಮಾತಾಡುತ್ತಾರೆ. ಅದನ್ನು ಲೆಕ್ಕಕ್ಕೆ ತಗೊಂಡರೆ 72 ಪಿಕ್ಸೆಲ್ ಅಗಲದ ದೃಶ್ಯ ಅದರ ಹಿಂದೆ ಅಡಗುತ್ತದೆ. ತಗೊಳ್ಳದಿದ್ದರೆ ಏನೂ ಅಡಗುವುದಿಲ್ಲ, ಆದರೆ ಓರೆ ಗೆರೆಗಳು ಫ್ರೇಮು ದಾಟುವಾಗ ಜಿಗಿಯುತ್ತವೆ. ನನ್ನ ಮತ ಅಡಗಿಸುವುದಕ್ಕೇ. ಕಿಟಕಿಯ ಕಂಬದ ಹಿಂದೆ ದೋಣಿ ಒಂದು ಕ್ಷಣ ಮರೆಯಾಗಿ ಹೊರಬರುವುದು ಕಣ್ಣಿಗೆ ಹೊಸದಲ್ಲ. ಅಕ್ಷರ, ಬಟನ್ನು ಮಾತ್ರ ಅಲ್ಲಿ ಇಡಬೇಡಿ. ಎರಡೇ ಮಾನಿಟರ್ ಇರುವವರ ನಿಜವಾದ ಕಷ್ಟ ಅಂದರೆ ಈ ಕಂಬ ಸರಿಯಾಗಿ ಮೂಗಿನ ಎದುರು ಬರುತ್ತದೆ. ಕಾರು ಓಡಿಸುವ ಆಟದವರು ಮೂರು ಇಡುವುದು ಅದಕ್ಕೇ. ಎರಡೇ ಇದ್ದರೆ ಒಂದರ ಎದುರು ಕೂತು, ಇನ್ನೊಂದನ್ನು ಬದಿಗೆ ಕೋನದಲ್ಲಿ ತಿರುಗಿಸಿಡುವುದು ಒಳ್ಳೆಯದು ಅನ್ನಿಸುತ್ತದೆ.

ಗೆರೆಗಳೆಲ್ಲ ಕೂಡಿದವು ಅಂತ ಹುಡುಗ ಸೂರ್ಯನನ್ನು ಕೆಳಗಿಳಿಸಿದ. ಕಾರವಾರದಲ್ಲಿ ಸಂಜೆ ಇಲ್ಲದ ದೃಶ್ಯ ಯಾರಿಗೆ ಬೇಕು? ಸೂರ್ಯ ಎಡ ಪರದೆಗೆ ಬಂದ. ಬಂದ ಕೂಡಲೇ ಎಡ ಪರದೆ ಕಪ್ಪಾಯಿತು, ಬಲ ಪರದೆ ಬೆಳ್ಳಗಾಯಿತು. ನಡುವೆ ಆಕಾಶ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಎರಡು ತುಂಡು. ಕಾರಣ ಆಟೋ ಎಕ್ಸ್‌ಪೋಷರ್. ಮೊಬೈಲ್ ಕ್ಯಾಮೆರಾವನ್ನು ಬೆಳಕಿಗೆ ಹಿಡಿದರೆ ಉಳಿದದ್ದು ಕಪ್ಪಾಗುತ್ತದಲ್ಲ, ಅದೇ ಕೆಲಸವನ್ನು ಇಲ್ಲಿ ಎರಡು ಕ್ಯಾಮೆರಾಗಳು ಒಂದನ್ನೊಂದು ಕೇಳದೆ ಬೇರೆ ಬೇರೆಯಾಗಿ ಮಾಡುತ್ತಿದ್ದವು.

ಇಂಥವು ಇನ್ನೂ ಇವೆ. ಪರದೆಯ ಮೂಲೆಗಳನ್ನು ಚಂದಕ್ಕೆ ಮಬ್ಬು ಮಾಡುವ ವಿನ್ಯೆಟ್ ಇದ್ದರೆ ಜೋಡಣೆಯಲ್ಲಿ ಎರಡು ಮಬ್ಬು ಸೇರಿ ಕಪ್ಪು ಪಟ್ಟೆ. ನೀರಿನ ಪ್ರತಿಬಿಂಬವನ್ನು ಪರದೆಯಲ್ಲಿ ಕಾಣುವುದರಿಂದಲೇ ಕದ್ದು ಬರೆಯುವ ತಂತ್ರವಿದ್ದರೆ, ಅಲೆಗಳ ಓರೆಯಿಂದ ಎಡ ಪರದೆಯ ನೀರಿಗೆ ಬರಬೇಕಾದ ಬಲ ಪರದೆಯ ಸದಾಶಿವಗಡದ ತುಣುಕು ಮೂಡುವುದೇ ಇಲ್ಲ. ಎಡದ ಕ್ಯಾಮೆರಾಕ್ಕೆ ಆ ಗುಡ್ಡ ಇದೆ ಅನ್ನುವುದೇ ಗೊತ್ತಿಲ್ಲ. ಎಕ್ಸ್‌ಪೋಷರನ್ನು ಒಂದು ಸಂಖ್ಯೆಗೆ ಕಟ್ಟಿಹಾಕಿ, ಉಳಿದ ಅಲಂಕಾರ ಆರಿಸಿದೆವು. ಮಾನಿಟರಿನ ಬಣ್ಣ ಹೊಂದಿಸುವುದು ಬೇರೆಯೇ ಕಥೆ. ಎರಡನ್ನೂ ಫ್ಯಾಕ್ಟರಿ ಸೆಟ್ಟಿಂಗಿಗೆ ಮರಳಿಸಿ, ಬಣ್ಣದ ತಾಪ 6500 ಕೆಲ್ವಿನ್‌ಗೆ ಇಟ್ಟು, ಬಿಳಿ ಹಾಳೆಯ ಚಿತ್ರ ತೆರೆದು ಬ್ರೈಟ್‌ನೆಸ್ ಕಣ್ಣಳತೆಯಲ್ಲಿ ಸರಿಮಾಡಿದರೆ ಮುಕ್ಕಾಲು ಕೆಲಸ ಆಗುತ್ತದೆ.

ಇನ್ನು ಸಮಯ. ಒಂದೇ ಕಂಪ್ಯೂಟರಿನ ಒಂದೇ ಗ್ರಾಫಿಕ್ಸ್ ಕಾರ್ಡಿಗೆ ಎರಡೂ ಮಾನಿಟರ್ ಸಿಕ್ಕಿಸಿ, ಎರಡನ್ನೂ 60 ಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 60 ಚಿತ್ರಕ್ಕೆ, ಇಟ್ಟರೆ ಹೆಚ್ಚಿನ ತೊಂದರೆ ಇಲ್ಲ. ಪ್ರತಿ ಚಿತ್ರಕ್ಕೆ 16.7 ಮಿಲಿಸೆಕೆಂಡ್. ಒಂದು ಪರದೆ ಒಂದೇ ಒಂದು ಚಿತ್ರದಷ್ಟು ಹಿಂದೆ ಬಿದ್ದರೆ ಏನಾಗುತ್ತದೆ? ದೋಣಿ ಪರದೆಯ ಮೇಲೆ ಸೆಕೆಂಡಿಗೆ 60 ಸೆಂಟಿಮೀಟರ್ ಓಡುತ್ತಿದ್ದರೆ ಅದರ ಮೂತಿಗೂ ಬಾಲಕ್ಕೂ ಜೋಡಣೆಯಲ್ಲಿ 1 ಸೆಂಟಿಮೀಟರ್ ತಪ್ಪುತ್ತದೆ. ನಿಧಾನದ ದೋಣಿಯಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಎರಡು ಕಂಪ್ಯೂಟರ್ ಬಳಸುವವರ ಪಾಡು ಬೇರೆ. ಕ್ಯಾಮೆರಾದ ಜಾಗ ಮತ್ತು ಗಡಿಯಾರ ಎರಡನ್ನೂ ನೆಟ್‌ವರ್ಕಿನಲ್ಲಿ ಹಂಚಿಕೊಳ್ಳಬೇಕು, ಎರಡೂ ತಯಾರಾದ ಮೇಲೆಯೇ ಚಿತ್ರ ಬದಲಿಸಬೇಕು. ಅಲೆಗಳು ಸುಮ್ನೆ ಯದ್ವಾತದ್ವಾ ಏಳುವಂತೆ ಕಂಡರೂ ಅವುಗಳ ಹಿಂದೆ ಒಂದು ಬೀಜಸಂಖ್ಯೆ ಇರುತ್ತದೆ, ಅಲೆಗಳ ಲೆಕ್ಕವೆಲ್ಲ ಅದರಿಂದಲೇ ಹೊರಡುತ್ತದೆ. ಅದನ್ನೂ ಒಂದೇ ಇಡದಿದ್ದರೆ ಎಡ ಪರದೆಯಲ್ಲಿ ಎದ್ದ ಅಲೆ ಬಲ ಪರದೆಗೆ ಬರುವ ಮೊದಲೇ ಇಲ್ಲವಾಗುತ್ತದೆ.

ಒಂದು ವಿಷಯಕ್ಕೆ ಮಾತ್ರ ನಮ್ಮಲ್ಲಿ ಔಷಧ ಇರಲಿಲ್ಲ. ಈ ಎಲ್ಲ ಲೆಕ್ಕ ಒಂದು ಕಣ್ಣಿಗೆ, ಒಂದು ಜಾಗಕ್ಕೆ. ಶಿರಸಿ ಜಾತ್ರೆಗೆ ಬರುವ ನಾಟಕ ಕಂಪನಿಗಳ ರಸ್ತೆ ಪರದೆ ನೋಡಿದ್ದೀರಾ? ನಡುವಿನ ಕುರ್ಚಿಯವನಿಗೆ ಬೀದಿ ದೂರಕ್ಕೆ ಹೋಗುತ್ತದೆ, ಕೊನೆಯ ಕುರ್ಚಿಯವನಿಗೆ ಬೀದಿ ಸೊಟ್ಟ. ನಮ್ಮ ಸೇತುವೆಯದೂ ಅದೇ ಹಣೆಬರಹ. 1992ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಕೇವ್ ಅನ್ನುವ ಕೋಣೆ ತೋರಿಸಿದರು. ಗೋಡೆಗಳೇ ಪರದೆ. ಒಳಗೆ ನಿಂತವನ ತಲೆ ಎಲ್ಲಿದೆ ಎಂದು ಕ್ಷಣಕ್ಷಣಕ್ಕೂ ಅಳೆದು, ಪ್ರತಿ ಗೋಡೆಯ ಓರೆ ಗೋಪುರವನ್ನು ಹೊಸದಾಗಿ ಲೆಕ್ಕ ಹಾಕುತ್ತಿದ್ದರು. ಲೆಕ್ಕ ಮೇಲೆ ಹೇಳಿದ್ದೇ, ಕಣ್ಣಿನ ಜಾಗ ಮಾತ್ರ ಬದಲಾಗುತ್ತಾ ಹೋಗುತ್ತದೆ. ಅಲ್ಲಿಯೂ ಅಳೆಯುತ್ತಿದ್ದದ್ದು ಒಬ್ಬರ ತಲೆಯನ್ನು. ಜೊತೆಗೆ ನಿಂತವರು ಸೊಟ್ಟ ನೋಡಿಕೊಂಡೇ ಇರಬೇಕಿತ್ತು.

ಹುಡುಗ ಪ್ರದರ್ಶನಕ್ಕೆ ಒಂದು ಸ್ಟೂಲ್ ಒಯ್ದ. ಮೇಜಿನಿಂದ ಟೇಪಿನಲ್ಲಿ ಅಳೆದು, ಸ್ಟೂಲಿನ ಕಾಲುಗಳು ಬರುವ ಕಡೆ ನೆಲಕ್ಕೆ ಸೀಮೆಸುಣ್ಣದಲ್ಲಿ ನಾಲ್ಕು ಗುರುತು ಹಾಕಿದನಂತೆ. ಸಂಜೆ ಫೋನು ಮಾಡಿದ. "ಮಾವ, ಕೂತವರೆಲ್ಲ ಸರಿಯಿದೆ ಅಂದ್ರು. ಹಿಂದೆ ಸಾಲಲ್ಲಿ ನಿಂತವರೆಲ್ಲ ಸೇತುವೆ ಸೊಟ್ಟ ಅಂದ್ರು." ಸಾಲು ಉದ್ದ ಇತ್ತಾ ಅಂತ ಕೇಳಿದೆ. ಇತ್ತು ಅಂದ.